ಬೀಡಿ ಬಿಡಿಸುವ ಫೋನಿಗೆ ಕಾಸರಗೋಡಿನ ಮನೆ ಗೊತ್ತಿರಬೇಕು

ಧೂಮಪಾನ ಬಿಡಲು ನೆರವಾಗುವ ಹೆಚ್ಚಿನ ಆ್ಯಪ್‌ಗಳು ಮೊದಲಿಗೆ ಕೇಳುವುದು ಎರಡು ಪ್ರಶ್ನೆ. ದಿನಕ್ಕೆ ಎಷ್ಟು ಸಿಗರೇಟು? ಒಂದು ಪ್ಯಾಕಿಗೆ ಎಷ್ಟು ರೂಪಾಯಿ? ಪೆರ್ಲದ ಹತ್ತಿರ ಇರುವ ಸೋದರಮಾವನ ಫೋನಿಗೆ ಇಂಥದ್ದೊಂದನ್ನು ಹಾಕಿಕೊಟ್ಟಾಗ ಎರಡನೆಯ ಪ್ರಶ್ನೆಗೇ ನಮ್ಮಲ್ಲಿ ಉತ್ತರ ಇರಲಿಲ್ಲ. ಮಾವನಿಗೆ 68 ವರ್ಷ. ಹುಡುಗನಾಗಿದ್ದಾಗಿನಿಂದ ಬೀಡಿ, ಎಂಟು ವರ್ಷದಿಂದ ದಮ್ಮಿನ ಕಾಯಿಲೆ (ಉಸಿರಾಟದ ತೊಂದರೆ), ಅದಕ್ಕೂ ಮೊದಲೇ ಬಂದ ಶುಗರ್. "ನಾನು ದುಡ್ಡು ಕೊಟ್ಟು ತೆಗೊಳ್ಳುದು ಎಲ್ಲಿ ಉಂಟು ಮಾರಾಯ? ನಿನ್ನ ಅತ್ತೆ ಕಟ್ಟಿದ್ದರಲ್ಲಿ ನಾಲ್ಕು ತೆಗೆದಿಟ್ಟರೆ ಮುಗೀತು" ಎಂದರು. ಬೆಲೆಯ ಜಾಗದಲ್ಲಿ ಸೊನ್ನೆ ಹಾಕಿದೆ. ‘ನೀವು ಉಳಿಸಿದ ಹಣ’ ಎಂದು ದಿನಾ ಬೆಳಿಗ್ಗೆ ಕಾಣುತ್ತಿದ್ದ ಅಂಕಿ ಸೊನ್ನೆಯಾಗಿಯೇ ಉಳಿಯಿತು.

ಮೂರನೆಯ ದಿನ ಬಂದ ಸಲಹೆ ಇನ್ನೂ ಕಷ್ಟದ್ದು: ಮನೆಯಲ್ಲಿರುವ ತಂಬಾಕನ್ನೆಲ್ಲ ಇವತ್ತೇ ಹೊರಗೆ ಹಾಕಿ. ಆ ಹೊತ್ತಿಗೆ ಅತ್ತೆ ಜಗಲಿಯಲ್ಲಿ ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ, ಹೊಗೆಸೊಪ್ಪು, ನೂಲು ಎಲ್ಲ ಬೀಡಿ ಕಂಪನಿಯ ಬ್ರಾಂಚಿನಿಂದ ಲೆಕ್ಕದಲ್ಲಿ ತಂದದ್ದು, ಬೀಡಿಯಾಗಿ ಲೆಕ್ಕದಲ್ಲೇ ಹಿಂದೆ ಕೊಡಬೇಕಾದದ್ದು. ಕರೆಂಟು ಬಿಲ್ಲಿಗೂ ಮಾವನ ಮಾತ್ರೆಗೂ ಹಣ ಬರುವುದು ಅದರಿಂದಲೇ. ಆ್ಯಪ್ ಹೇಳಿದ್ದರಲ್ಲಿ ತಪ್ಪಿಲ್ಲ. ಹೊಗೆಸೊಪ್ಪಿನ ವಾಸನೆ, ಕಣ್ಣಮುಂದಿರುವ ಬೀಡಿ ಕಟ್ಟು, ಇವೇ ಸೇದುವ ತುಡಿತವನ್ನು ಎಬ್ಬಿಸುತ್ತವೆ ಎನ್ನುವುದು ವೈದ್ಯರೂ ಒಪ್ಪುವ ಮಾತು. ಆದರೆ ಮಂಜೇಶ್ವರದಿಂದ ಕುಂಬಳೆ, ಬದಿಯಡ್ಕ, ಮುಳ್ಳೇರಿಯದವರೆಗೆ ಎಷ್ಟೋ ಮನೆಗಳಲ್ಲಿ ಆ ವಾಸನೆ ಅನ್ನದ ಜೊತೆಗೇ ಬಂದದ್ದು. ಕಣ್ಣೂರಿನಲ್ಲಿ 1969ರಲ್ಲಿ ಹುಟ್ಟಿದ ದಿನೇಶ್ ಬೀಡಿ ಸಹಕಾರಿ ಸಂಘ ಬೇಡಿಕೆ ಇಳಿದಾಗ ಕೊಡೆ, ಆಹಾರ ಪದಾರ್ಥಗಳ ತಯಾರಿಗೆ ಕೈ ಹಾಕಿತು. ಮನೆಯಲ್ಲಿ ಕೂತು ಕಟ್ಟುವ ಹೆಂಗಸಿಗೆ ಅಂಥ ಇನ್ನೊಂದು ಕೆಲಸ ಸಿಕ್ಕಿಲ್ಲ.

ಇಂಥ ಆ್ಯಪ್ ಮನಸ್ಸಿನಲ್ಲಿಟ್ಟುಕೊಂಡಿರುವ ಮನುಷ್ಯ ಬೇರೆಯೇ ಒಬ್ಬ. ಪಟ್ಟಣದಲ್ಲಿರುವವನು, ಸಿಗರೇಟು ಸೇದುವವನು, ಇಂಗ್ಲಿಷ್ ಓದುವವನು, ಸದ್ಯಕ್ಕೆ ಕಾಯಿಲೆ ಇಲ್ಲದವನು. ನಮ್ಮ ಕಡೆ ಬೀಡಿ ಬಿಡಬೇಕಾದ ತುರ್ತು ಯಾರಿಗೆ ಹೆಚ್ಚೋ ಅವರು ಈ ನಾಲ್ಕರಲ್ಲಿ ಒಂದೂ ಅಲ್ಲ.

2016–17ರ ಜಾಗತಿಕ ವಯಸ್ಕ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸಿಗರೇಟು ಸೇದುವ ವಯಸ್ಕರು ಶೇ. 4, ಬೀಡಿ ಸೇದುವವರು ಶೇ. 7.7. ಕೇರಳದಲ್ಲಿ ತಂಬಾಕು ಬಳಸುವವರ ಒಟ್ಟು ಪ್ರಮಾಣ ಏಳು ವರ್ಷಗಳಲ್ಲಿ ಶೇ. 21.4ರಿಂದ 12.7ಕ್ಕೆ ಇಳಿದಿತ್ತು. ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ಕೇರಳ ಹೈಕೋರ್ಟು 1999ರಷ್ಟು ಹಿಂದೆಯೇ ತಡೆದ ರಾಜ್ಯ ಇದು. ದೇಶಕ್ಕೆಲ್ಲ ಆ ನಿಯಮ ಬಿಗಿಯಾದದ್ದು 2008ರ ಅಕ್ಟೋಬರ್ 2ರಿಂದ. ಇಷ್ಟು ಇಳಿದ ಮೇಲೂ ಸೇದುತ್ತಿರುವವರಲ್ಲಿ ಬಿಡುವುದು ನಿಜಕ್ಕೂ ಕಷ್ಟವಾದವರು ಇದ್ದಾರೆ. ಸುಲಭವಾಗಿ ಬಿಡಬಲ್ಲವರಲ್ಲಿ ಎಷ್ಟೋ ಜನ ಆಗಲೇ ಬಿಟ್ಟಿದ್ದಾರೆ ಎನ್ನುವುದು ನನ್ನ ಅಂದಾಜು.

ಫೋನಿನಿಂದ ಉಪಯೋಗ ಉಂಟು, ಅದಕ್ಕೆ ಲೆಕ್ಕವೂ ಉಂಟು. ಬ್ರಿಟನ್ನಿನಲ್ಲಿ 5,800 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬರೀ ಎಸ್‌ಎಂಎಸ್ ಕಳುಹಿಸಿದರು. ಆರು ತಿಂಗಳ ಬಳಿಕ, ಬಾಯಿಮಾತನ್ನು ನಂಬದೆ ದೇಹದ ಪರೀಕ್ಷೆಯಿಂದಲೇ ಖಚಿತಪಡಿಸಿ ನೋಡಿದಾಗ, ಬಿಡಲು ಪ್ರೇರಣೆಯ ಸಂದೇಶ ಪಡೆದವರಲ್ಲಿ ಶೇ. 10.7 ಮಂದಿ ಬಿಟ್ಟಿದ್ದರು, ಪಡೆಯದವರಲ್ಲಿ ಶೇ. 4.9. ನೂರರಲ್ಲಿ ಐದು ಇದ್ದದ್ದು ಹನ್ನೊಂದಾಯಿತು ಎಂದಿಟ್ಟುಕೊಳ್ಳಿ. ಕೇಳಲು ಸಣ್ಣದು, ಒಂದು ಎಸ್‌ಎಂಎಸ್‌ನ ಖರ್ಚಿಗೆ ಹೋಲಿಸಿದರೆ ದೊಡ್ಡದು. ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಶೋಧಕರ ಜಾಲದ 2019ರ ವಿಮರ್ಶೆ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ನೋಡಿ, ಸಂದೇಶಗಳಿಂದ ಪ್ರಯೋಜನ ಇದೆ, ಆದರೆ ಸ್ಮಾರ್ಟ್‌ಫೋನ್ ಆ್ಯಪ್‌ಗಳಿಂದಲೂ ಇದೆ ಎನ್ನಲು ಆಧಾರ ಸಿಗಲಿಲ್ಲ ಎಂದಿತು. ಮರುವರ್ಷ ಅಮೆರಿಕದಲ್ಲಿ ಬಂದ ಒಂದು ಪರೀಕ್ಷೆಯಲ್ಲಿ, ತುಡಿತವನ್ನು ಅದುಮದೆ ಬಂದು ಹೋಗಲು ಬಿಡುವುದನ್ನು ಕಲಿಸುವ ಒಂದು ಆ್ಯಪ್ ಬಳಸಿದವರಲ್ಲಿ ವರ್ಷದ ಕೊನೆಗೆ ಶೇ. 28, ಸಾಮಾನ್ಯ ಆ್ಯಪ್ ಬಳಸಿದವರಲ್ಲಿ ಶೇ. 21 ಮಂದಿ ಬಿಟ್ಟೆವು ಎಂದರು. ಹಾಗಾಗಿ ಆ್ಯಪ್‌ಗಳನ್ನು ಪೂರ್ತಿ ತಳ್ಳಿಹಾಕುವುದು ತಪ್ಪು. ಆದರೆ ಬಣ್ಣದ ಪರದೆಗಿಂತ ಹೊತ್ತಿಗೆ ಸರಿಯಾಗಿ ಬಂದ ನಾಲ್ಕು ಮಾತು ಹೆಚ್ಚು ಕೆಲಸ ಮಾಡಿದೆ ಎನ್ನುವುದು ಈವರೆಗಿನ ಪಾಠ.

ಕಾಯಿಲೆ ಇರುವವರ ವಿಷಯಕ್ಕೆ ಬಂದರೆ ನನಗೆ ಬಹಳ ಮುಖ್ಯ ಅನಿಸುವುದು ಸಿಡ್ನಿಯ ಪ್ರಯೋಗ, ಪ್ರಕಟವಾದದ್ದು 2015ರಲ್ಲಿ. ಹೃದಯದ ರಕ್ತನಾಳದ ಕಾಯಿಲೆ ಇದ್ದ 710 ಮಂದಿ. ಅರ್ಧ ಜನರಿಗೆ ವಾರಕ್ಕೆ ನಾಲ್ಕು ಸಂದೇಶ, ಆರು ತಿಂಗಳು. ಊಟ, ನಡಿಗೆ, ಮಾತ್ರೆ, ಧೂಮಪಾನ ಎಲ್ಲದರ ಬಗ್ಗೆಯೂ. ಆದರೆ ಆ ರೋಗಿಯ ಸ್ಥಿತಿ ನೋಡಿ ಆರಿಸಿದ್ದು. ಕೊನೆಗೆ ಸಂದೇಶ ಬಂದ ಗುಂಪಿನಲ್ಲಿ ಸೇದುತ್ತಿದ್ದವರು ಶೇ. 26, ಬಾರದ ಗುಂಪಿನಲ್ಲಿ ಸುಮಾರು ಶೇ. 43. ಅಲ್ಲಿ ಬೀಡಿ-ಸಿಗರೇಟನ್ನು ಬೇರೆಯಾಗಿ ತೆಗೆದು ಬೈಯಲಿಲ್ಲ. ನಿನ್ನ ಹೃದಯಕ್ಕೆ ಏನು ಬೇಕು ಎಂಬ ಮಾತಿನೊಳಗೆ ಅದೂ ಒಂದಾಗಿ ಬಂತು. ಕೆಲಸ ಮಾಡಿದ್ದು ಇದೇ ಇರಬೇಕು ಎಂದು ನನಗನಿಸುತ್ತದೆ.

ಹಳೆಯ ಕಾಯಿಲೆಯವರಲ್ಲಿ ಆರೋಗ್ಯವಂತ ಧೂಮಪಾನಿಗೆ ಇಲ್ಲದ ಒಂದು ಭಾವ ಇರುತ್ತದೆ: ಹಾಳಾದದ್ದು ಹಾಳಾಯಿತು, ಇನ್ನು ಬಿಟ್ಟು ಏನು? ಇದಕ್ಕೆ ಉತ್ತರ ಬೆದರಿಕೆಯ ಚಿತ್ರಗಳಲ್ಲಿ ಇಲ್ಲ. ಪ್ಯಾಕಿನ ಮೇಲೆ ಶೇ. 85 ಜಾಗದಲ್ಲಿ ಆ ಚಿತ್ರ 2016ರಿಂದಲೇ ಇದೆ. ಉತ್ತರ ಇರುವುದು ಲೆಕ್ಕದಲ್ಲಿ. ಹೃದಯಾಘಾತದಂಥದ್ದು ಆದ ಮೇಲೂ ಸೇದುವುದನ್ನು ಬಿಟ್ಟವರಲ್ಲಿ ಸಾಯುವ ಅಪಾಯ, ಮುಂದುವರಿಸಿದವರಿಗಿಂತ ಮೂರನೆಯ ಒಂದು ಭಾಗಕ್ಕೂ ಸ್ವಲ್ಪ ಹೆಚ್ಚೇ ಕಡಿಮೆ ಎಂದು 2003ರ ಒಂದು ದೊಡ್ಡ ವಿಮರ್ಶೆ ತೋರಿಸಿತು. ಇಷ್ಟು ಕೊಡುವ ಮಾತ್ರೆಗಳು ಕೆಲವೇ. ಸಿಒಪಿಡಿ ಎಂದು ಡಾಕ್ಟರು ಬರೆಯುವ, ನಾವು ದಮ್ಮು ಎನ್ನುವ ಕಾಯಿಲೆಯಲ್ಲಿ ಕಳೆದುಹೋದ ಶ್ವಾಸಕೋಶ ತಿರುಗಿ ಬಾರದು. ಆದರೆ ಬಿಟ್ಟ ಮೇಲೆ ಅದು ಕುಸಿಯುವ ವೇಗ ತಗ್ಗುತ್ತದೆ. 1994ರಲ್ಲಿ ಫಲಿತಾಂಶ ಬಂದ, ಸುಮಾರು 5,900 ಮಂದಿಯನ್ನು ಐದು ವರ್ಷ ಹಿಂಬಾಲಿಸಿದ ಅಮೆರಿಕ–ಕೆನಡಾದ ಅಧ್ಯಯನ ಇದನ್ನು ಅಳೆದು ತೋರಿಸಿದೆ. ಎರಡು ವರ್ಷದ ಬಳಿಕ ತೋಟದ ಏರಿ ಹತ್ತಬಲ್ಲೆನೇ, ಬಸ್‌ಸ್ಟಾಪಿನವರೆಗೆ ನಿಲ್ಲದೆ ನಡೆಯಬಲ್ಲೆನೇ ಎನ್ನುವುದು ಈ ವೇಗದ ಮೇಲೆ ನಿಂತಿದೆ.

ಇನ್ನು ಆ್ಯಪ್‌ಗಳ ಸಲಹೆಗಳನ್ನು ರೋಗಿಯ ಪಕ್ಕದಲ್ಲಿ ಕೂತು ಓದಿದರೆ ತೊಂದರೆ ಗೊತ್ತಾಗುತ್ತದೆ. ತುಡಿತ ಬಂದಾಗ ಐದು ನಿಮಿಷ ಓಡಿ ಎನ್ನುತ್ತದೆ. ದಮ್ಮಿನವರು ಓಡುವುದು ಹೇಗೆ? ಬಾಯಿಗೊಂದು ಮಿಠಾಯಿ ಹಾಕಿ ಎನ್ನುತ್ತದೆ. ಶುಗರ್ ಇರುವವರಿಗೆ ಅದು ಇನ್ನೊಂದು ಉಪದ್ರ. ಹೊರದೇಶದ ಕೆಲವು ಆ್ಯಪ್‌ಗಳು ಇ-ಸಿಗರೇಟಿಗೆ ಬದಲಾಗಿ ಎನ್ನುತ್ತವೆ; ಭಾರತದಲ್ಲಿ 2019ರ ಕಾಯ್ದೆಯಿಂದ ಅದರ ಮಾರಾಟ ನಿಷಿದ್ಧ. ಬಿಟ್ಟ ಮೊದಲ ವಾರಗಳಲ್ಲಿ ಏನಾಗುತ್ತದೆ ಎನ್ನುವುದನ್ನಂತೂ ನಮ್ಮವರ ಮಾತಿನಲ್ಲಿ ಯಾರೂ ಮೊದಲೇ ಹೇಳುವುದಿಲ್ಲ. "ಬೀಡಿ ಬಿಟ್ಟ ಮೇಲೆ ಕೆಮ್ಮು ಜೋರಾಯ್ತು" ಎಂದು ಹಲವರು ಹೇಳುತ್ತಾರೆ. ಸುಳ್ಳಲ್ಲ. ಹೊಗೆಯಿಂದ ಮರಗಟ್ಟಿದ್ದ ಶ್ವಾಸನಾಳದ ಸೂಕ್ಷ್ಮ ಕೂದಲುಗಳು ಮತ್ತೆ ಅಲುಗಾಡಿ ಕಫವನ್ನು ಮೇಲಕ್ಕೆ ತಳ್ಳತೊಡಗಿದಾಗ ಕೆಲವರಿಗೆ ಸ್ವಲ್ಪ ಕಾಲ ಹಾಗಾಗುತ್ತದೆ. "ಬೆಳಿಗ್ಗೆ ಒಂದು ಎಳೆಯದಿದ್ದರೆ ಹೊಟ್ಟೆ ಸರಿ ಆಗುದಿಲ್ಲ" ಎನ್ನುವುದೂ ನೆಪವಲ್ಲ. ನಿಕೋಟಿನ್ ನಿಂತಾಗ ಮಲಬದ್ಧತೆ ಗೊತ್ತಿರುವ ಲಕ್ಷಣ. ಎರಡೂ ಕೆಲವು ವಾರದಲ್ಲಿ ತಗ್ಗುವಂಥವು. ಮೊದಲೇ ಹೇಳಿದ್ದರೆ ಮನುಷ್ಯ ಕಾಯುತ್ತಾನೆ. ಹೇಳದಿದ್ದರೆ ಹತ್ತನೆಯ ದಿನ ಮತ್ತೆ ಬೀಡಿ ಹಚ್ಚುತ್ತಾನೆ.

ಮದ್ದಿನ ವಿಷಯ ಇದಕ್ಕಿಂತ ಗಂಭೀರ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಮ್ಮಿಗೆ ನಮ್ಮ ಕಡೆ ಇನ್‌ಹೇಲರಿನ ಜೊತೆಗೋ ಅದರ ಬದಲಿಗೋ ಥಿಯೋಫಿಲಿನ್ ಇರುವ ಮಾತ್ರೆ ತಿನ್ನುವವರು ಇನ್ನೂ ಬಹಳ. ಡೆರಿಫಿಲಿನ್ ಎಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಬೀಡಿ-ಸಿಗರೇಟಿನ ಹೊಗೆಯಲ್ಲಿರುವ ಟಾರಿನ ಅಂಶಗಳು ಲಿವರಿನ ಒಂದು ಕಿಣ್ವವನ್ನು ಕೆರಳಿಸಿ ಈ ಮದ್ದನ್ನು ಬೇಗ ಕರಗಿಸಿ ಹೊರಹಾಕುತ್ತವೆ. ಹಾಗಾಗಿ ಸೇದುವವರಿಗೆ ಹೆಚ್ಚು ಡೋಸು ಬೇಕಾಗುತ್ತದೆ. ಸೇದುವುದು ನಿಂತ ಕೂಡಲೇ ಕಿಣ್ವ ತಣ್ಣಗಾಗುತ್ತದೆ, ಮದ್ದು ರಕ್ತದಲ್ಲಿ ಉಳಿಯುತ್ತದೆ. ಒಂದು ವಾರದೊಳಗೇ ಅದು ಹೊರಹೋಗುವ ವೇಗ ಸುಮಾರು ಮೂರನೆಯ ಒಂದು ಭಾಗ ತಗ್ಗಬಹುದು. ಅದೇ ಡೋಸು ಈಗ ಹೆಚ್ಚಾಗಿ ಎದೆಬಡಿತ, ಕೈನಡುಕ, ಓಕರಿಕೆ, ನಿದ್ದೆಗೇಡು. ಇವನ್ನೆಲ್ಲ ರೋಗಿಯೂ ಮನೆಯವರೂ ‘ಬೀಡಿ ಬಿಟ್ಟದ್ದರ ಉಪದ್ರ’ ಎಂದೇ ತಿಳಿಯುತ್ತಾರೆ, ಒಂದು ಬೀಡಿ ಸೇದಿ ನೋಡು ಎನ್ನುವವರೂ ಸಿಗುತ್ತಾರೆ. ನಿಕೋಟಿನ್ ಗಮ್ ಅಥವಾ ಪಟ್ಟಿ ಬಳಸಿದರೂ ಇದು ತಪ್ಪುವುದಿಲ್ಲ, ಏಕೆಂದರೆ ಕಾರಣ ನಿಕೋಟಿನ್ ಅಲ್ಲ, ಹೊಗೆ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್ ಮಾತ್ರೆಗಳದ್ದೂ ಇದೇ ಕಥೆ. ಚಾ-ಕಾಫಿಯ ಕೆಫೀನೂ ಅದೇ ಕಿಣ್ವದಿಂದ ಕರಗುವುದರಿಂದ, ಮೊದಲಿನಷ್ಟೇ ಕಾಫಿ ಕುಡಿದರೂ ಈಗ ಹೆಚ್ಚು ಚಡಪಡಿಕೆ.

ಶುಗರಿನದ್ದು ಬೇರೆ ಬಗೆ. ಬಿಟ್ಟ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ತೂಕ ಏರುತ್ತದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸುಮಾರು 0.2ರಷ್ಟು ಮೇಲೆ ಹೋಗಿ, ಮೂರು ವರ್ಷದ ಹೊತ್ತಿಗೆ ಸೇದುವವರ ಮಟ್ಟಕ್ಕೇ ಬಂದು ನಿಲ್ಲುತ್ತದೆ ಎಂದು ಬ್ರಿಟನ್ನಿನ ದಾಖಲೆಗಳ ಅಧ್ಯಯನ 2015ರಲ್ಲಿ ಹೇಳಿತು. ಹೃದಯ, ಕಿಡ್ನಿ, ಕಾಲಿನ ರಕ್ತನಾಳಕ್ಕೆ ಆಗುವ ಲಾಭದ ಮುಂದೆ ಇದು ಏನೂ ಅಲ್ಲ. ಆದರೆ ರಿಪೋರ್ಟಿನಲ್ಲಿ ಅಂಕಿ ಏರಿದ್ದು ಕಂಡು "ಬೀಡಿ ಬಿಟ್ಟು ಶುಗರ್ ಜಾಸ್ತಿ ಆಯ್ತು" ಎಂದು ಕಂಗೆಡುವವರಿಗೆ ಆ ಹೊತ್ತಿನಲ್ಲಿ ಒಂದು ಮಾತು ಬೇಕು, ಬೇಕಾದರೆ ಮಾತ್ರೆಯಲ್ಲಿ ಬದಲಾವಣೆ ಬೇಕು.

ರೋಗಿ ಏನು ತಿನ್ನುತ್ತಾನೆ ಎಂದು ಗೊತ್ತಿಲ್ಲದ ಆ್ಯಪ್ ಇದನ್ನೆಲ್ಲ ಹೇಳಲಾರದು. ಕೇಳಿದ್ದಕ್ಕೆಲ್ಲ ಕನ್ನಡದಲ್ಲೇ ಉತ್ತರ ಕೊಡುವ ಚಾಟ್‌ಬಾಟುಗಳು ಬಂದಿವೆ. ಎದುರಿಗೆ ಮನುಷ್ಯ ಇಲ್ಲದ್ದರಿಂದ ನಾಚಿಕೆ ಕಡಿಮೆ ಎನ್ನುವುದು ಅವುಗಳ ನಿಜವಾದ ಬಲ. ದಮ್ಮಿನ ಡಾಕ್ಟರ ಮುಂದೆ "ಬಿಟ್ಟಿದ್ದೇನೆ" ಎಂದು ಸುಳ್ಳು ಹೇಳುವವರು ಫೋನಿಗೆ ಸತ್ಯ ಹೇಳಬಹುದು. ಆದರೆ ಮಾತ್ರೆಯ ಡೋಸು ತಗ್ಗಿಸುವ ಕೆಲಸ ಅವುಗಳಿಗೆ ಬಿಡುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈಯಲ್ಲಿ ಹೊರಡಿಸಿದ, ವಯಸ್ಕರಿಗೆ ತಂಬಾಕು ಬಿಡಿಸುವ ಚಿಕಿತ್ಸೆಯ ಮಾರ್ಗಸೂಚಿ ಆಪ್ತಸಲಹೆಯನ್ನೂ ಔಷಧವನ್ನೂ ಒಟ್ಟಿಗೆ ಕೊಡಲು ಹೇಳುತ್ತದೆ. ವಾರೆನಿಕ್ಲಿನ್, ನಿಕೋಟಿನ್ ಬದಲಿ, ಬ್ಯುಪ್ರೊಪಿಯಾನ್, ಸೈಟಿಸಿನ್ ಹೆಸರಿಸುತ್ತದೆ. ಫೋನಿನ ಸಾಧನಗಳು ಅದಕ್ಕೆ ಜೊತೆಯಾಗಿಯೋ, ತಾನೇ ಬಿಡಲು ಹೊರಟವನ ಕೈಗೋಲಾಗಿಯೋ ಇರಲಿ ಎನ್ನುತ್ತದೆ. ನಿಕೋಟಿನ್ ಬದಲಿ 2022ರಿಂದ ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ.

ಈಗ ಭಾಷೆ. ಕಾಸರಗೋಡಿನ ಕನ್ನಡಿಗನ ಫೋನಿಗೆ ಆರೋಗ್ಯದ ಸಂದೇಶ ಬರುವುದು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಇಲ್ಲಿಯ ಹಿರಿಯರು ಮಲಯಾಳ ಮಾತಾಡುತ್ತಾರೆ, ಸಂತೆಯಲ್ಲಿ, ಬಸ್ಸಿನಲ್ಲಿ ಅದೇ ನಡೆಯುತ್ತದೆ, ಓದಲು ಬರುವುದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಓದು ಕನ್ನಡದ್ದು. ಮನೆಯೊಳಗೆ ತುಳು, ಹವ್ಯಕ ಕನ್ನಡ, ಬ್ಯಾರಿ, ಮರಾಟಿ, ಕೊಂಕಣಿ. ಮಾವನಂಥವರು ಓದುವುದು ಒಂದು ಭಾಷೆ, ಮಾತಾಡುವುದು ಎರಡು ಮೂರು, ಮನಸ್ಸಿನಲ್ಲಿ ಹಂಬಲಿಸುವುದು ಇನ್ನೊಂದು. ಬೀಡಿ ಬೇಕೆನಿಸುವ ಆ ಮೂರು ನಿಮಿಷದಲ್ಲಿ ಅಕ್ಷರ ಕೂಡಿಸಿ ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ. ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಹೇಳುತ್ತದೆ. ಅರ್ಜಿಗೆ ಇರುವ ಆ ಹಕ್ಕು ಕಾಯಿಲೆಯವರ ಫೋನಿಗೂ ಬರಬೇಕು ಎಂದು ಕೇಳುವುದರಲ್ಲಿ ಅತಿಯಾಸೆ ಏನೂ ಇಲ್ಲ.

ಗಡಿಯ ಪೆಟ್ಟು ನಮಗೆ ಗೊತ್ತಿದೆ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಇಲ್ಲಿಯ ರೋಗಿಗಳು ದಾರಿಯಲ್ಲೇ ಉಳಿದರು, ಕೆಲವರು ಜೀವ ಬಿಟ್ಟರು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸ ಆದದ್ದು 2013ರಲ್ಲಿ, ಆದರೆ ಇಲ್ಲಿಯ ಎಷ್ಟೋ ಮನೆಗಳ ಮದ್ದಿನ ಚೀಟಿ ಇವತ್ತಿಗೂ ಮಂಗಳೂರಿನದೇ. ಚೀಟಿ ಬರೆಯುವ ಡಾಕ್ಟರು ಒಂದು ರಾಜ್ಯದಲ್ಲಿ, ಮನೆಗೆ ಬರುವ ಆಶಾ ಕಾರ್ಯಕರ್ತೆ ಇನ್ನೊಂದು ರಾಜ್ಯದ ವ್ಯವಸ್ಥೆಯಲ್ಲಿ. ಬೀಡಿ ಬಿಟ್ಟ ಸುದ್ದಿ ಇವರಿಬ್ಬರ ನಡುವೆ ದಾಟುವುದೇ ಇಲ್ಲ. ಫೋನು ನಿಜವಾಗಿ ಕೆಲಸಕ್ಕೆ ಬರಬೇಕಾದ ಜಾಗ ಇದು.

ಬೇಕಾದ ಸಾಮಾನುಗಳು ಹೆಚ್ಚುಕಡಿಮೆ ಊರಲ್ಲೇ ಇವೆ. 30 ವರ್ಷ ದಾಟಿದವರ ಮನೆಮನೆಗೆ ಹೋಗಿ ಜೀವನಶೈಲಿ ಕಾಯಿಲೆಗಳ ವಿವರ ತುಂಬಿಸಲು ಕೇರಳದ ಆಶಾ ಕಾರ್ಯಕರ್ತೆಯರ ಕೈಯಲ್ಲಿ 2022ರಿಂದ ‘ಶೈಲಿ’ ಆ್ಯಪ್ ಇದೆ. ದಮ್ಮು, ಅಸ್ತಮಾಕ್ಕೆಂದೇ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ‘ಶ್ವಾಸ್’ ಕ್ಲಿನಿಕ್‌ಗಳಿವೆ. 2018ರಿಂದ ತಂಬಾಕಿನ ಪ್ರತಿ ಪ್ಯಾಕಿನ ಮೇಲೂ ಅಚ್ಚಾಗುವ 1800-11-2356 ಎಂಬ, ತಂಬಾಕು ಬಿಡಲು ಸಲಹೆ ಕೊಡುವ ಉಚಿತ ಸಂಖ್ಯೆ ಇದೆ. ದೆಹಲಿಯಲ್ಲಿ 2016ರಲ್ಲಿ ಶುರುವಾದ ಈ ಕ್ವಿಟ್‌ಲೈನ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸೇರಿದ ಮೇಲೆ ದಕ್ಷಿಣದ ಭಾಷೆಗಳಲ್ಲಿ ಮಾತು ಸಾಧ್ಯವಾಯಿತು, ಕನ್ನಡದಲ್ಲೂ. 011-22901701ಕ್ಕೆ ಮಿಸ್‌ಕಾಲ್ ಕೊಟ್ಟರೆ ಸಂದೇಶ ಬರುವ ಎಂ-ಸೆಸೇಶನ್ ಯೋಜನೆ 2016ರದ್ದು. ಮನೆಯಲ್ಲೇ ಕಟ್ಟಿದ ಬೀಡಿ ಸೇದುವವನ ಕೈಗೆ ಪ್ಯಾಕು ಬರುವುದೇ ಇಲ್ಲ, ಹಾಗಾಗಿ ಆ ಸಂಖ್ಯೆಯೂ ಅವನ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಬೀಡಿ ಬ್ರಾಂಚಿನ ಗೋಡೆಯಲ್ಲಿ ಬರೆಸಬೇಕು.

ಆಶಾ ಕಾರ್ಯಕರ್ತೆ ಫೋನಿನಲ್ಲಿ ‘ತಂಬಾಕು: ಹೌದು’ ಎಂದು ತುಂಬಿದ ಆ ಕ್ಷಣದಿಂದ ಮುಂದಿನದು ಶುರುವಾಗಬೇಕು. ರೋಗಿ ಒಪ್ಪಿದರೆ, ಒಪ್ಪಿದರೆ ಮಾತ್ರ, ವಾರಕ್ಕೆ ನಾಲ್ಕು ಧ್ವನಿ ಸಂದೇಶ, ಓದುವಂಥದ್ದಲ್ಲ, ಕೇಳುವಂಥದ್ದು. ಕನ್ನಡದಲ್ಲೋ ತುಳುವಿನಲ್ಲೋ ಎಂದು ಅವರೇ ಆರಿಸಲಿ. ಸ್ವರ್ಗ, ಪಡ್ರೆಯಂಥ ಗುಡ್ಡದ ಊರುಗಳ ಕಡೆ ಡೇಟಾ ಸಿಕ್ಕದಿದ್ದರೂ ಕರೆ ಸಿಕ್ಕುವಲ್ಲಿ ಕೆಲಸ ಮಾಡುವ ಹಾಗಿರಲಿ, ಬಟನ್ ಫೋನಿಗೂ ಬರಲಿ. ದಮ್ಮಿನವರಿಗೆ ಕೆಮ್ಮಿನ ಮಾತು, ಶುಗರಿನವರಿಗೆ ತೂಕದ ಮಾತು. ಥಿಯೋಫಿಲಿನ್ ತಿನ್ನುವವರು ಬಿಡುವ ದಿನ ಗೊತ್ತುಮಾಡಿದರೆ ಆ ವಾರದಲ್ಲೇ ಕ್ಲಿನಿಕ್ಕಿನ ನರ್ಸಿಗೆ ಒಂದು ಸೂಚನೆ, ಮತ್ತು ಮಂಗಳೂರಿನ ಡಾಕ್ಟರಿಗೆ ತೋರಿಸಲು ಮಡಚಿ ಕಿಸೆಗೆ ಹಾಕಿಕೊಳ್ಳುವಂಥ ಒಂದು ಚೀಟಿ. ಇಷ್ಟಕ್ಕೆ ಹೊಸ ಆ್ಯಪ್ ಬೇಡ. ಎಲೆಯಡಿಕೆಗೆ ಹೊಗೆಸೊಪ್ಪು ಹಾಕುವವರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೀಡಿ ಬಿಟ್ಟು ಅದಕ್ಕೆ ಹೋಗುವವರು ಇದ್ದಾರೆ, ಸೇದುವುದನ್ನು ಮಾತ್ರ ಎಣಿಸುವ ಆ್ಯಪ್ ಅವರನ್ನು ಗೆದ್ದವರೆಂದು ತಿಳಿಯುತ್ತದೆ.

ಒಪ್ಪಿಗೆಯ ಮಾತು ಯಾಕೆಂದರೆ, ತಂಬಾಕು ಬಳಸುತ್ತೀರಾ ಎಂದು ವಿಮಾ ಕಂಪನಿಗಳೂ ಕೇಳುತ್ತವೆ. ಕಾಯಿಲೆ ಯಾವುದು, ದಿನಕ್ಕೆ ಎಷ್ಟು ಸೇದುತ್ತಾನೆ ಎನ್ನುವುದೆಲ್ಲ ಒಂದು ಉಚಿತ ಆ್ಯಪಿನಲ್ಲಿ ಕೂತಿದ್ದರೆ ಅದು ಎಲ್ಲಿಗೆ ಹೋಗುತ್ತದೆಂದು ಕೇಳುವ ಹಕ್ಕು 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿದೆ. ಇಂಗ್ಲಿಷಿನ ಷರತ್ತಿನ ಕೆಳಗೆ ಬೆರಳೊತ್ತುವ ಮಾವನಿಗೆ ಆ ಹಕ್ಕನ್ನು ಕನ್ನಡದಲ್ಲಿ ಹೇಳುವವರು ಬೇಕು.

ಅತ್ತೆಯ ಕೆಲಸದ ಪ್ರಶ್ನೆಗೆ ನನ್ನಲ್ಲಿ ಸುಲಭದ ಉತ್ತರ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ. 28ರಿಂದ 18ಕ್ಕೆ, ಬೀಡಿ ಎಲೆಯದ್ದನ್ನು 18ರಿಂದ 5ಕ್ಕೆ ಇಳಿಸಲು ತೀರ್ಮಾನಿಸಿತು. ಕಟ್ಟುವವರ ಬದುಕಿನ ಹೆಸರಿನಲ್ಲಿ ಸಮರ್ಥಿಸುವಂಥ ಇಳಿಕೆ ಸೇದುವವರಿಗೂ ಅಗ್ಗ. ಒಂದೇ ಜಗಲಿಯಲ್ಲಿ ಇಬ್ಬರೂ ಕೂತಿದ್ದಾರೆ. ಹೊಗೆಸೊಪ್ಪಿನ ಧೂಳಿನಲ್ಲಿ ಉಸಿರಾಡುವ ಅತ್ತೆಗೂ ಈಚೆಗೆ ಕೆಮ್ಮು ಉಂಟು. ಕಾಯಿಲೆಯವರು ಬಿಡುವ ತಿಂಗಳಷ್ಟಾದರೂ ಕಟ್ಟುವ ಕೆಲಸವನ್ನು ಹಿತ್ತಲಿನ ಬದಿಯ ಜಗಲಿಗೆ ಬದಲಾಯಿಸುವಂತೆ, ಕಟ್ಟಿದ್ದನ್ನು ಮುಚ್ಚಿಡುವಂತೆ ಅವರಿಗೂ ಒಂದು ಸಂದೇಶ ಹೋಗಬೇಕು. ಮನೆಯ ತಂಬಾಕು ಹೊರಗೆ ಹಾಕಿ ಎನ್ನುವುದಕ್ಕಿಂತ ಇದು ಆಗುಹೋಗುವ ಮಾತು.

ಕ್ವಿಟ್‌ಲೈನಿಗೆ ಕರೆ ಮಾಡುವವರಿಗೆ ನಾನು ಹೇಳುವುದು ಇಷ್ಟು: ತಿನ್ನುವ ಮಾತ್ರೆಗಳ ಪಟ್ಟಿಯನ್ನೆಲ್ಲ ಕೈಯಲ್ಲಿಟ್ಟುಕೊಳ್ಳಿ, ಕನ್ನಡದವರು ಬೇಕೆಂದು ಕೇಳಿ, ಬೀಡಿಯ ಲೆಕ್ಕಕ್ಕಿಂತ ಮೊದಲು ಕಾಯಿಲೆಯ ಹೆಸರು ಹೇಳಿ. ಬಿಡುವ ದಿನ ನಿಶ್ಚಯಿಸಿದ ಮೇಲೆ, ಮಾತ್ರೆ ಬರೆದ ಡಾಕ್ಟರಿಗೆ ತಿಳಿಸದೆ ಇರಬೇಡಿ.

ಆ ಆ್ಯಪನ್ನು ಮಾವನ ಫೋನಿನಿಂದ ತೆಗೆದ ದಿನ, ಯಾರಾದರೂ ದಿನಾ ಒಂದು ಮಾತು ಹೇಳುವುದಾದರೆ ಯಾವ ಹೊತ್ತಿಗೆ ಆಗಬೇಕು ಎಂದು ಕೇಳಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಆರೂವರೆಗೆ. ಚಾ ಕುಡಿದು ಆಗಿರ್ತದೆ, ಅತ್ತೆ ತಡ್ಪೆ ತೆಗೆದಿರುದಿಲ್ಲ."